ಮೇಲಿನ ಬರ್ತಿನ ಸಾಹುಕಾರರು

"ಈ ಸಲ ನಾನು ಮನೀಕಂಡೇ ಹರಿಹರಕ್ಕೆ ಹೋಯ್ತೀನಿ! ನೋಡ್ತಾ ಇರು!"

ಚನ್ನಪಟ್ಟಣದ ಬಿತ್ತನೆ ಗೂಡಿನ ವ್ಯಾಪಾರಿ ಬೋರಲಿಂಗಯ್ಯ ಈ ಪ್ರತಿಜ್ಞೆ ಮಾಡಿದ್ದು ತನ್ನ ಮನೆಯ ಜಗಲಿಯಲ್ಲಿ, ಒಂದು ಕಾಲಿಗೆ ಹರಳೆಣ್ಣೆ ತಿಕ್ಕಿ ಮುಗಿದು ಇನ್ನೊಂದು ಕಾಲಿನ ಸರದಿ ಬರುವ ಹೊತ್ತಿಗೆ. ಸೊಂಟದ ಪಂಚೆಯೊಂದು ಬಿಟ್ಟರೆ ಮೈಮೇಲೆ ಇದ್ದದ್ದು ಎಣ್ಣೆ ಮಾತ್ರ. ಆದರೂ ಧ್ವನಿ ಮಾತ್ರ ಮೈಸೂರಿನ ದರ್ಬಾರಿನಲ್ಲಿ ಅಪ್ಪಣೆ ಓದುವವರ ಧ್ವನಿ!

ಒಳಗೆ ರಾಗಿ ಕೇರುತ್ತಿದ್ದ ಹೆಂಡತಿ ಗಂಗಲಕ್ಷ್ಮಮ್ಮ ತಲೆ ಎತ್ತಲಿಲ್ಲ. "ಅದ್ರಾಗೇನು ಹೊಸ್ದು? ಅಂಗಡೀಲಿ ದಿನಾ ಮನೀಕಂಡೇ ಅಲ್ವಾ ನೀವು ಯಾಪಾರ ಮಾಡಾದು?"

"ಸೆಕೆಂಡ್ ಕ್ಲಾಸ್ನಾಗೆ ಕಣೇ! ಮೆತ್ತೆ ಮ್ಯಾಲೆ! ರಾತ್ರಿಯೆಲ್ಲಾ ಕಾಲು ಚಾಚ್ಕಂಡು ನಿದ್ದೆ ಮಾಡಿ, ಬೆಳಗ್ಗೆ ಕೋಟು ಕೊಡವ್ಕಂಡು ದಿವಾನ್ರಂಗೆ ಇಳೀತೀನಿ. ಆ ಪಾರುಪತ್ತೆಗಾರ ಓಡ್ಬಂದು ಕೈ ಮುಗೀಬೇಕು, ಹಂಗೆ!"

ಪಾರುಪತ್ತೆಗಾರ ಎಂಬ ಮಾತು ಬಂದದ್ದೇ ತಡ, ಮೊರ ನಿಂತಿತು, ನಗು ಶುರುವಾಯಿತು. ಆ ನಗು ಹೊಸದಲ್ಲ. ಹೋದ ವರ್ಷದಿಂದ ಮನೆಯಲ್ಲಿ ಉಪ್ಪು ಹುಣಿಸೆಯ ಹಾಗೆ ದಾಸ್ತಾನಿದ್ದು, ಬೇಕಾದಾಗ ಒಂದು ಹಿಡಿ ತೆಗೆದು ಬಳಸುವ ನಗು.

ರಾಮನಗರವನ್ನು ಇನ್ನೂ ಕ್ಲೋಸ್‌ಪೇಟೆ ಅನ್ನುತ್ತಿದ್ದ ಮಹಾರಾಜರ ಕಾಲ ಅದು. ರೇಷ್ಮೆಯಲ್ಲಿ ಬದುಕುವವರು ಆಗ ಚನ್ನಪಟ್ಟಣದಲ್ಲಿ ಎರಡು ಥರ. ಗೂಡನ್ನು ಕುದಿಸಿ ನೂಲು ತೆಗೆಯುವವರು ಒಂದು ಥರ. ಗೂಡಿಗೆ ಕುದಿನೀರಿನ ಹಬೆಯೂ ಸೋಕದಂತೆ ಕಾಯುವವರು ಇನ್ನೊಂದು ಥರ. ಬೋರಲಿಂಗಯ್ಯ ಎರಡನೆಯ ಥರದವನು. ಅವನ ಗೂಡಿನಲ್ಲಿ ಹುಳ ಬದುಕಿರಬೇಕು. ಅದು ಚಿಟ್ಟೆಯಾಗಬೇಕು, ಜೋಡಿಯಾಗಬೇಕು, ಮೊಟ್ಟೆ ಇಡಬೇಕು. ಆ ಮೊಟ್ಟೆಯೇ ಕೊಂಡವನಿಗೆ ಮುಂದಿನ ಬೆಳೆಯ ಬೀಜ. ಆದರೆ ಇದೆಲ್ಲ ನಡೆಯಬೇಕಾದ್ದು ಕೊಂಡವನ ಮನೆಯಲ್ಲಿ! ಅಕ್ಕಿ, ಬೆಲ್ಲದ ವ್ಯಾಪಾರಿ ಒಂದೆರಡು ದಿನ ತಡ ಮಾಡಿದರೆ ಸರಕಿಗೆ ಏನೂ ಆಗುವುದಿಲ್ಲ. ಬಿತ್ತನೆ ಗೂಡಿನವನು ತಡ ಮಾಡಿದರೆ ಸರಕು ತಾನೇ ಬಾಗಿಲು ತೆರೆದುಕೊಂಡು ಎದ್ದು ಹೊರಡುತ್ತದೆ.

ಹೋದ ವರ್ಷ ಹರಿಹರದ ಹತ್ತಿರದ ಒಬ್ಬ ಜೋಡಿದಾರರು, ಅಂದರೆ ಹಲವು ಹಳ್ಳಿಗಳ ಒಡೆಯರು, ಒಂದು ಹಳ್ಳಿಯಲ್ಲಿ ರೇಷ್ಮೆ ಹುಳು ಸಾಕಿಸಿ ನೋಡೋಣವೆಂದು ಗೂಡು ತರಿಸಿದ್ದರು. ಬೋರಲಿಂಗಯ್ಯ ಬೆಂಗಳೂರಿನಿಂದ ರಾತ್ರಿಯ ಮೇಲ್ ಗಾಡಿಯ ಥರ್ಡ್ ಕ್ಲಾಸಿನಲ್ಲಿ ಹೊರಟ. ಹಲಗೆಯ ಮೇಲೆ ಅರ್ಧ ಕುಳಿತು, ಪಕ್ಕದವನ ಭುಜದ ಮೇಲೆ ತಾನು, ತನ್ನ ಭುಜದ ಮೇಲೆ ಇನ್ನೊಬ್ಬನ ಕುಂಬಳಕಾಯಿ ಚೀಲ, ಹೀಗೆ ರಾತ್ರಿ ಕಳೆದು ಹರಿಹರದಲ್ಲಿ ಬುಟ್ಟಿ ಹೊತ್ತು ಇಳಿದಾಗ ಅವನ ಮುಖ, ಬಟ್ಟೆ ಎರಡೂ ಒಂದೇ ಸಮ ಮುದುಡಿದ್ದವು. ಜೋಡಿದಾರರ ವ್ಯವಹಾರ ನೋಡಿಕೊಳ್ಳುವ ಪಾರುಪತ್ತೆಗಾರ ಪ್ಲಾಟ್‌ಫಾರಮ್ಮಿನಲ್ಲಿ ಕಾಯುತ್ತಿದ್ದ. ಬುಟ್ಟಿಯನ್ನು ಗುರುತಿಸಿದ, ಬುಟ್ಟಿಯ ಕೆಳಗಿನ ಮನುಷ್ಯನನ್ನು ಗುರುತಿಸಲಿಲ್ಲ. "ಏ ಕೂಲಿ, ಇತ್ತ ಇಳಿಸೋ," ಅಂದ. ಬೋರಲಿಂಗಯ್ಯ ಬಾಯಿ ಬಿಡುವುದರೊಳಗೆ ಗೂಡಿನ ಹಣವನ್ನು ಬಟ್ಟೆಯಲ್ಲಿ ಗಂಟು ಕಟ್ಟಿ, "ನಿಮ್ಮ ಸಾಹುಕಾರ್ರಿಗೆ ಭದ್ರವಾಗಿ ಮುಟ್ಟಿಸು, ನಡುವೆ ಎಲ್ಲೂ ಕುಡಿಯಬೇಡ," ಎಂದು ಬುದ್ಧಿ ಹೇಳಿ, ಮೇಲೆ ಒಂದಾಣೆಯನ್ನೂ ಕೈಗಿಟ್ಟ.

ಬೋರಲಿಂಗಯ್ಯ ಆ ಒಂದಾಣೆ ತೆಗೆದುಕೊಂಡ! ಬೇಡ ಅನ್ನಬೇಕಾಗಿತ್ತು. ವ್ಯಾಪಾರಿಯ ಕೈ, ಬಂದದ್ದನ್ನು ಮುಚ್ಚಿಕೊಂಡುಬಿಟ್ಟಿತು. ಮನೆಗೆ ಬಂದು ಹೆಂಡತಿಗೆ ಹೇಳಿದ್ದು ಎರಡನೆಯ ತಪ್ಪು.

ಈ ವರ್ಷ ವಿಷಯ ದೊಡ್ಡದು. ಜೋಡಿದಾರರಿಗೆ ಬೆಳೆ ಹಿಡಿಸಿತ್ತು. ತಮ್ಮ ಎಲ್ಲ ಹಳ್ಳಿಗಳಿಗೂ ವರ್ಷವಿಡೀ ಒಬ್ಬನೇ ಸಾಹುಕಾರನಿಂದ ಬೀಜ ಕೊಳ್ಳುವುದೆಂದು ತೀರ್ಮಾನಿಸಿ, ಈ ಸಲ ಸ್ಟೇಷನ್ನಿಗೆ ತಾವೇ ಬಂದು ಸರಕನ್ನೂ ಸಾಹುಕಾರನನ್ನೂ ನೋಡುವುದಾಗಿ ಹೇಳಿ ಕಳಿಸಿದ್ದರು. ಅಷ್ಟರಲ್ಲಿ ಕುಣಿಗಲ್ಲಿನ ಒಬ್ಬ ಬೀಜದ ಸಾಹುಕಾರ ಗಡಿಯಾರದ ಚಿನ್ನದ ಸರಪಳಿ ಇಳಿಬಿಟ್ಟುಕೊಂಡು ಹೋಗಿ ಅವರನ್ನು ಕಂಡುಬಂದಿದ್ದಾನೆಂದು ಸುದ್ದಿ. ಬೋರಲಿಂಗಯ್ಯನಿಗೆ ಜ್ಞಾನೋದಯವಾಯಿತು: ಗೂಡು ಗಟ್ಟಿಯಿದ್ದರೆ ಸಾಲದು, ಗೂಡಿನವನೂ ಗಟ್ಟಿ ಕಾಣಬೇಕು!

ಕಾಣಬೇಕಾದರೆ ಕೋಟು ಬೇಕು. ಕೋಟಿಗೆ ದರ್ಜಿ ತಾಜ್ ಪಾಷಾ ಬೇಕು. ತಾಜ್ ಪಾಷಾನಿಗೆ ಸಮಯ ಬೇಕು.

ಕರಿ ಬಟ್ಟೆಯ ಮುಚ್ಚುಗತ್ತಿನ ಕೋಟು. ಕತ್ತರಿಸಿ ಆಯಿತು, ತೋಳು ಆಯಿತು, ಗುಂಡಿ ಆಗಲಿಲ್ಲ. "ನಾಳೆ ಬನ್ನಿ ಸಾಹುಕಾರ್ರೇ." ಮರುದಿನ ಗುಂಡಿ ಆಯಿತು, ಗುಂಡಿ ಹಾಕಿದರೆ ಹೊಟ್ಟೆ ಬೇಡ ಅಂದಿತು. ಮತ್ತೆ ಬಿಚ್ಚಿ ಮತ್ತೆ ಹೊಲಿಗೆ. ಕೊನೆಗೆ ತಾಜ್ ಪಾಷಾ ಕೈ ಚೆಲ್ಲಿ, "ಒಳಗೆ ಅಂಗಿ ಹಾಕೋ ಆಸೆ ಬುಟ್ಬುಡಿ. ಅಂಗಿ ಇದ್ರೆ ಗುಂಡಿ ಕೂರಲ್ಲ, ಗುಂಡಿ ಕೂರಬೇಕಾದ್ರೆ ಅಂಗಿ ಇರಂಗಿಲ್ಲ," ಎಂದು ತೀರ್ಪು ಕೊಟ್ಟ.

ಈ ಕಡೆ ಮನೆಯಲ್ಲಿ, ತಿಪ್ಪಸಂದ್ರದ ತನ್ನ ಅಣ್ಣನ ಮನೆಯಿಂದ ಬಂದಿದ್ದ ಗೂಡನ್ನು ಗಂಗಲಕ್ಷ್ಮಮ್ಮ ಒಂದೊಂದಾಗಿ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ನೋಡುತ್ತಿದ್ದಳು. "ಏಳ್ತಾ ಅವೆ ಕಣ್ರೀ. ಮೊನ್ನೇನೆ ಹೊರಡಬೇಕಾಗಿತ್ತು. ನಿಮ್ಮ ಕೋಟಿನ ಗುಂಡಿ ಹೊಲ್ದಿಲ್ಲ ಅಂತ ಹುಳಕ್ಕೆ ಗೊತ್ತಾಯ್ತದಾ?"

"ಇನ್ನೂ ಟೈಮೈತೆ. ಹುಳದ ಲೆಕ್ಕ ನಂಗೊತ್ತು!"

"ದರ್ಜಿ ಲೆಕ್ಕ ಗೊತ್ತಾಗಲಿಲ್ವಲ್ಲ ಮತ್ತೆ?"

ಅಂತೂ ಹೊರಟರು. ಗಂಗಲಕ್ಷ್ಮಮ್ಮ ಜೊತೆಗೆ ಹೊರಟದ್ದು ಹರಿಹರೇಶ್ವರನ ದರ್ಶನಕ್ಕೆ ಎಂದು ಹೇಳಿಕೆ. ಪಾರುಪತ್ತೆಗಾರನ ಮುಖ ನೋಡಬೇಕೆಂಬುದು ಒಳಗಿನ ಹರಕೆ.

ಮಧ್ಯಾಹ್ನದ ಗಾಡಿಯಲ್ಲಿ ಕ್ಲೋಸ್‌ಪೇಟೆ ದಾಟಿ ಬೆಂಗಳೂರು ಸೇರಿ, ರಾತ್ರಿಯ ಮೇಲ್ ಗಾಡಿಯ ಮುಂದೆ ನಿಂತಾಗ ಬೋರಲಿಂಗಯ್ಯ ಎರಡನೆಯ ಅಪ್ಪಣೆ ಹೊರಡಿಸಿದ: ಹಾಸಿಗೆ, ಬಟ್ಟೆಗಂಟು ಎಲ್ಲ ಗಾಡಿಯ ಕೊನೆಯ ಬ್ರೇಕ್ ವ್ಯಾನಿಗೆ! ಕೈಯಲ್ಲಿ ಗಂಟು ಹಿಡಿದು ಸೆಕೆಂಡ್ ಕ್ಲಾಸು ಹತ್ತಿದರೆ ಮರ್ಯಾದೆ ಏನು? ಗೂಡಿನ ಬುಟ್ಟಿಗಳು ಮಾತ್ರ ಗಾಳಿಯಾಡುವ ಕಡೆ ಇರಬೇಕಾದ್ದರಿಂದ ಒಳಗೆ.

"ಹಾಸಿಗೆ ಒಂದಾರ ಇಟ್ಕಳಾವ," ಅಂದಳು ಗಂಗಲಕ್ಷ್ಮಮ್ಮ.

"ಲೇ, ಸೆಕೆಂಡ್ ಕ್ಲಾಸ್ನಾಗೆ ಹಾಸಿಗೆ ಅವರೇ ಹಾಸಿರ್ತಾರೆ!"

ಹಾಸಿರಲಿಲ್ಲ. ಆದರೆ ಮೆತ್ತೆ ಇತ್ತು. ಚರ್ಮದ ಹೊದಿಕೆಯ ದಪ್ಪ ಮೆತ್ತೆ. ಕುಳಿತರೆ ಉಸ್ಸೆಂದು ತಗ್ಗಿ, ಎದ್ದರೆ ಮತ್ತೆ ಉಬ್ಬುವಂಥದು. ಬೋರಲಿಂಗಯ್ಯ ನಾಲ್ಕಾರು ಸಲ ಕುಳಿತು ಎದ್ದು ಪರೀಕ್ಷಿಸಿದ. ಕೆಳಗೆ ಎರಡು ಬರ್ತು, ಮೇಲೆ ಸರಪಳಿಯಲ್ಲಿ ತೂಗುಬಿದ್ದ ಎರಡು. ಮೂಲೆಯ ಸಣ್ಣ ಬಾಗಿಲನ್ನು ತೆರೆದು ನೋಡಿದ ಗಂಗಲಕ್ಷ್ಮಮ್ಮ ಹಾವು ಕಂಡವಳಂತೆ ಹಿಂದೆ ಸರಿದಳು.

"ಅಯ್ಯೋ ಶಿವನೇ! ಮನೆಯೊಳಗೇ ಕಕ್ಕಸ್ಸಾ? ಅದೂ ಓಡೋ ಮನೇಲಿ?"

"ಅದೇ ಕಣೇ ಸೆಕೆಂಡ್ ಕ್ಲಾಸು!" ಅಂದ ಬೋರಲಿಂಗಯ್ಯ, ತಾನೇ ಕಟ್ಟಿಸಿದವನಂತೆ.

ಎದುರಿನ ಕೆಳ ಬರ್ತಿನಲ್ಲಿ ಜಮಖಾನ ಹಾಸಿ, ಬಿಳಿ ದಿಂಬಿಟ್ಟು, ಅತ್ತರು ಪೂಸಿಕೊಂಡು ಕುಳಿತಿದ್ದವರು ಚನ್ನಪಟ್ಟಣದ ಪೀರ್ ಸಾಬ್. ಗೂಡು ಕುದಿಸಿ ನೂಲು ತೆಗೆಯುವ ಭಟ್ಟಿಗಳ ಮಾಲೀಕರು. ನೂಲನ್ನು ಧಾರವಾಡದ ಕಡೆಯ ನೇಕಾರರಿಗೆ ಮಾರಲು ಹೊರಟಿದ್ದರು. ನೂಲಿನ ಮೂಟೆಗಳು ಅವರ ಮೇಲಿನ ಬರ್ತಿನ ತುಂಬ. ಸೆಕೆಂಡ್ ಕ್ಲಾಸು ಅವರಿಗೆ ಹಳೆಯ ಬಳಕೆ.

"ಓಹೋ ಬೋರಣ್ಣ! ಏನು ಕೋಟು, ಏನು ರುಮಾಲು! ಮದುವೆ ಯಾರ್ದು?"

"ಮದ್ವೆ ಅಲ್ಲ ಸಾಬ್ರೇ. ಯಾಪಾರ."

"ಬುಟ್ಟೀಲಿ ಬಿತ್ತನೆ ಗೂಡು ಅಂತ ಕಾಣ್ತದೆ. ವಾಸನೇಲೇ ಗೊತ್ತಾಯ್ತು. ಹದ ಮೀರೈತೆ. ನಂಗೆ ಕೊಟ್ಬುಡು, ಒಂದು ಕುದಿ ಕುದಿಸಿದ್ರೆ ಯಾವತ್ತೂ ಏಳಲ್ಲ!"

"ಬಾಣಂತನದ ಮನೇಲಿ ಸ್ಮಶಾನದ ಮಾತಾಡಬೇಡಿ ಸಾಬ್ರೇ!"

ಗಾಡಿ ಹೊರಟಿತು. ಪೀರ್ ಸಾಬ್ ಚುಟ್ಟಾ ಹಚ್ಚಿದರು. ಬೋರಲಿಂಗಯ್ಯ ಚೇಳು ಕಡಿದವನಂತೆ ನೆಗೆದ. "ಆರಿಸಿ! ಆರಿಸಿ! ಹೊಗೆಸೊಪ್ಪಿನ ಹೊಗೆ ಹುಳಕ್ಕೆ ಆಗಲ್ಲ!"

"ನಾನೂ ಟಿಕೆಟ್ ತಗಂಡಿವ್ನಿ ಬೋರಣ್ಣ. ನಿನ್ನ ಹುಳ ತಗಂಡೈತಾ?"

"ಬುಟ್ಟಿ ಕೆಳಗಿಡ್ತೀನಿ, ನೀವು ಮ್ಯಾಲಕ್ಕೆ ಹೊಗೆ ಬುಡಿ."

"ಹೊಗೆ ಮ್ಯಾಲಕ್ಕೇ ಹೋಗೋದು! ನಾನೇನು ಕೆಳಕ್ಕೆ ಬಿಡಕಾಯ್ತದಾ?"

ಕೊನೆಗೆ ಗಂಗಲಕ್ಷ್ಮಮ್ಮನ ಪಂಚಾಯಿತಿಯಲ್ಲಿ ಒಪ್ಪಂದವಾಯಿತು: ಚುಟ್ಟಾ ಸೇದುವುದಾದರೆ ಸಾಬರು ಮೂಲೆಯ ಸಣ್ಣ ಬಾಗಿಲೊಳಗೆ ಹೋಗಿ ಸೇದತಕ್ಕದ್ದು. ಪೀರ್ ಸಾಬ್ ಎದ್ದು ಹೋಗುವಾಗ, "ಭಟ್ಟಿ ಮಾಲೀಕನನ್ನ ಕಕ್ಕಸಿಗೆ ಕಳಿಸಿಬುಟ್ಟಿರಲ್ಲ ತಂಗ್ಯಮ್ಮ!" ಎಂದು ಗೊಣಗಿದರು.

ಈಗ ಬುಟ್ಟಿಗಳಿಗೆ ಜಾಗ. ನೆಲದ ಮೇಲಿಟ್ಟರೆ ಗಾಡಿಯ ಗಡಗಡ ನೇರವಾಗಿ ಹುಳಕ್ಕೆ. ಮೆತ್ತೆಯ ಮೇಲಿಟ್ಟರೆ ಹೆಂಡತಿಗೆ ಜಾಗವಿಲ್ಲ. ಇನ್ನುಳಿದದ್ದು ಮೇಲಿನ ಬರ್ತು. ತೊಟ್ಟಿಲ ಹಾಗೆ ತೂಗುತ್ತದೆ, ಮೆತ್ತಗಿದೆ, ಗಾಳಿಯೂ ಇದೆ. ಆದರೆ ಅದು ಬೋರಲಿಂಗಯ್ಯನದು! ಯಾವುದಕ್ಕಾಗಿ ಜಗಲಿಯ ಮೇಲೆ ಪ್ರತಿಜ್ಞೆ ಮಾಡಿದ್ದನೋ ಆ ಬರ್ತು! ಅವನು ಬುಟ್ಟಿ ನೋಡಿದ, ಬರ್ತು ನೋಡಿದ, ಕುಣಿಗಲ್ಲಿನ ಚಿನ್ನದ ಸರಪಳಿ ನೆನೆದ. ಒಂದೊಂದೇ ಬುಟ್ಟಿಯನ್ನು ಎತ್ತಿ ಮೇಲಿಟ್ಟ.

"ನೀವೆಲ್ಲಿ ಮನೀಕತೀರಿ?" ಕೇಳಿದಳು ಹೆಂಡತಿ, ಆಗಲೇ ಮೆತ್ತೆಯ ಮೇಲೆ ಮಗ್ಗುಲಾಗಿ.

"ಇಲ್ಲೇ. ನೆಲದ ಮ್ಯಾಲೆ."

"ಹುಳಕ್ಕೆ ಸೆಕೆಂಡ್ ಕ್ಲಾಸು, ಯಜಮಾನ್ರಿಗೆ ನೆಲ. ಥರ್ಡ್ ಕ್ಲಾಸ್ನಾಗಾದ್ರೂ ಹಲಗೆ ಇತ್ತು!"

ಅಷ್ಟಕ್ಕೇ ಮುಗಿಯಲಿಲ್ಲ. ಚಾವಣಿಯ ದೀಪ ಸರಿಯಾಗಿ ಬುಟ್ಟಿಗಳ ನೆತ್ತಿಯ ಮೇಲೆ. ಬೆಳಕು ಬಿದ್ದರೆ ಹುಳ ಬೆಳಗಾಯಿತೆಂದು ತಿಳಿದು ಎದ್ದುಬಿಡುತ್ತದೆ ಎಂಬುದು ಈ ಕಸುಬಿನ ಮಗುವಿಗೂ ಗೊತ್ತು. ಕತ್ತಲೆ ಮಾಡಬೇಕು, ಮುಚ್ಚಲು ಬಟ್ಟೆ ಎಲ್ಲಿ? ಗಂಟೆಲ್ಲ ಬ್ರೇಕ್ ವ್ಯಾನಿನಲ್ಲಿ! ಬೋರಲಿಂಗಯ್ಯ ನಿಟ್ಟುಸಿರು ಬಿಟ್ಟು ಕೋಟಿನ ಗುಂಡಿ ಬಿಚ್ಚಿದ. ಹೊಟ್ಟೆಗೆ ಸ್ವಾತಂತ್ರ್ಯ ಬಂತು. ಕೋಟನ್ನು ಬುಟ್ಟಿಗಳ ಮೇಲೆ ಸುಕ್ಕಾಗದಂತೆ ಹಾಸಿದ. ಸಾಲಲಿಲ್ಲ. ಜರಿ ರುಮಾಲನ್ನೂ ಬಿಚ್ಚಿ ಉದ್ದಕ್ಕೂ ಹೊದಿಸಿದ.

ಗಂಗಲಕ್ಷ್ಮಮ್ಮ ಅರೆಗಣ್ಣು ತೆರೆದಳು. "ಮ್ಯಾಲೆ ದೀಪದ ಕಾವು, ಮೈಮ್ಯಾಲೆ ಕೋಟಿನ ಹೊದಿಕೆ. ಬಾಣಂತಿ ಖಾರ ಒಂದು ಕೊಟ್ಬುಟ್ರೆ ಬಾಣಂತನ ಸಲೀಸು."

"ನೀನು ಮನಿಕ್ಕೋ!"

ಅವಳು ಮಲಗಿದಳು. ಎಂಥ ನಿದ್ದೆ ಅಂದರೆ, ಟಿಕೆಟ್ಟಿನ ಹಣ ಅವಳೊಬ್ಬಳಿಂದಲೇ ವಸೂಲಾಯಿತು. ಪೀರ್ ಸಾಬ್ ತಮ್ಮ ಭಟ್ಟಿಗಳೆಲ್ಲ ಒಟ್ಟಿಗೆ ಕುದಿಯುವ ಸದ್ದಿನಲ್ಲಿ ಗೊರಕೆ ಹೊಡೆದರು. ಬೋರಲಿಂಗಯ್ಯ ಎರಡು ಬರ್ತುಗಳ ನಡುವಿನ ಇಕ್ಕಟ್ಟಿನಲ್ಲಿ, ಬರಿ ಮೈಯಲ್ಲಿ, ಮೊಣಕಾಲು ಮಡಚಿ ಮಲಗಿದ. ಕಾಲು ಚಾಚಿದರೆ ಸಾಬರ ಮೆಟ್ಟಿಗೆ ತಾಗುತ್ತಿತ್ತು, ತಲೆ ಚಾಚಿದರೆ ಆ ಸಣ್ಣ ಬಾಗಿಲಿಗೆ. ಗಾಡಿ ತಿರುವಿನಲ್ಲಿ ವಾಲಿದಾಗಲೆಲ್ಲ ಬಾಗಿಲು ತಾನಾಗಿ ತೆರೆದುಕೊಂಡು ಅವನ ನೆತ್ತಿಗೆ ಕುಟ್ಟುತ್ತಿತ್ತು. ತುಮಕೂರಿನಲ್ಲಿ ಎಚ್ಚರ. ತಿಪಟೂರಿನಲ್ಲಿ ಎಚ್ಚರ. ಅರಸೀಕೆರೆಯಲ್ಲಿ ಕಣ್ಣು ಹತ್ತುವ ಹೊತ್ತಿಗೆ ಯಾರೋ ಕಾಫಿ ಕಾಫಿ ಎಂದು ಕೂಗಿ ಅದನ್ನೂ ಕಿತ್ತುಕೊಂಡರು.

ಅರಸೀಕೆರೆ ಬಿಟ್ಟು ಕಿಟಕಿಯ ಸಂದಿ ಬೆಳ್ಳಗಾಗುವಾಗ ನಿಜವಾದ ನಿದ್ದೆ ಬಂತು. ಕನಸಿನಲ್ಲಿ ಪಾರುಪತ್ತೆಗಾರ ಕೈ ಮುಗಿದು, ಬಾಗಿ, ಅವನ ಹಣೆಗೆ ತಿಲಕ ಇಡುತ್ತಿದ್ದ. ತಿಲಕ ತಣ್ಣಗಿತ್ತು. ಮತ್ತೊಂದು ತಿಲಕ ಮೂಗಿಗೆ ಬಿತ್ತು. ಬೋರಲಿಂಗಯ್ಯ ಮುಟ್ಟಿ ನೋಡಿದ. ಕಂದುಕೆಂಪು ನೀರು!

ಗೂಡು ಕಾಯುವವನಿಗೆ ಆ ನೀರನ್ನು ಯಾರೂ ಪರಿಚಯ ಮಾಡಿಕೊಡಬೇಕಾಗಿಲ್ಲ. ಗೂಡಿನಿಂದ ಹೊರಬಂದ ಚಿಟ್ಟೆ ಮಾಡುವ ಮೊಟ್ಟಮೊದಲ ಕೆಲಸ ಆ ನೀರು ಬಿಡುವುದು. ಮೇಲಿಂದ ಪಟಪಟ ಪಟಪಟ ಎಂಬ ಸದ್ದು. ಬೋರಲಿಂಗಯ್ಯ ಬರ್ತಿನ ಅಂಚು ಹಿಡಿದು ಎದ್ದು ಇಣುಕಿದ.

ಸರಕು ಎದ್ದಿತ್ತು! ಕೋಟಿನ ತೋಳಿನೊಳಗೆ ಚಿಟ್ಟೆ, ಕತ್ತುಪಟ್ಟಿಯಲ್ಲಿ ಚಿಟ್ಟೆ, ತಾಜ್ ಪಾಷಾ ಬಿಚ್ಚಿ ಬಿಚ್ಚಿ ಹೊಲಿದ ಒಂದೊಂದು ಗುಂಡಿಗೂ ಒಂದೊಂದು ಚಿಟ್ಟೆ. ಹಾರಲು ಬಾರದ ಆ ಬಿಳಿ ಚಿಟ್ಟೆಗಳಲ್ಲಿ ಗಂಡುಗಳು ರೆಕ್ಕೆ ಬಡಿಯುತ್ತ ಹೆಣ್ಣುಗಳಿಗಾಗಿ ಗಿರಕಿ ಹೊಡೆಯುತ್ತಿದ್ದವು. ಸಿಕ್ಕವು ಆಗಲೇ ಬೆನ್ನಿಗೆ ಬೆನ್ನು ಕೊಟ್ಟು, ಲೋಕದ ಗೊಡವೆ ಬಿಟ್ಟು, ಸೆಕೆಂಡ್ ಕ್ಲಾಸಿನ ಪೂರ್ತಿ ಸುಖ ಅನುಭವಿಸುತ್ತಿದ್ದವು.

"ಗಂಗೂ! ಎದ್ದವೆ! ನಾವು ಮುಳುಗಿದ್ವಿ!"

ಗಂಗಲಕ್ಷ್ಮಮ್ಮ ಮೆತ್ತೆಯ ಮೇಲೆ ನಿಂತು ನೋಡಿ, ತಲೆ ತೂಗಿದಳು. "ಸೆಕೆಂಡ್ ಕ್ಲಾಸ್ನಾಗೆ ಮನೀಕಂಡೇ ಹೋಗ್ಬೇಕು ಅಂತ ತಾನೆ ನೀವು ಅಂದಿದ್ದು? ಯಾರೋ ಗಂಡ ಹೆಂಡ್ತಿ ಮನೀಕಂಡವ್ರಲ್ಲ ಬುಡಿ."

"ತೂತು ಬಿದ್ದ ಗೂಡು ಕೊಟ್ರೆ ಜೋಡಿದಾರ್ರು ಮುಖಕ್ಕೆ ಎಸೀತಾರೆ ಕಣೇ! ವರ್ಷ ಪೂರ್ತಿ ಯಾಪಾರ ಆ ಕುಣಿಗಲ್ಲೋನ ಪಾಲು!"

"ಒಸಿ ಸುಮ್ಕಿರಿ. ಮುಟ್ಟಬ್ಯಾಡಿ. ಜೋಡಿ ಆಗವೆ."

ಅಷ್ಟರಲ್ಲಿ ಬೀರೂರು. ಬಾಗಿಲು ತೆರೆದು ಟಿಕೆಟ್ ಕಲೆಕ್ಟರು ಒಳಗೆ ಬಂದರು. ಒಂದು ಗಂಡು ಚಿಟ್ಟೆ ಆಯ ತಪ್ಪಿ ಅವರ ಟೋಪಿಯ ಮೇಲೆ ಬಿತ್ತು.

"ಏನಿದು? ಏನಿದು? ಜೀವಂತ ಪ್ರಾಣಿ! ಸೆಕೆಂಡ್ ಕ್ಲಾಸಿನಲ್ಲಿ ಪ್ರಾಣಿಗೆ ಜಾಗ ಇಲ್ಲ. ಇಳಿಸಿ! ಇಲ್ಲದಿದ್ದರೆ ಪ್ರತಿಯೊಂದಕ್ಕೂ ಚಾರ್ಜು!"

ಪ್ರತಿಯೊಂದಕ್ಕೂ! ವ್ಯಾಪಾರಿಯ ಮಿದುಳು ರಾತ್ರಿಯಿಡೀ ಮಾಡದಿದ್ದ ಕೆಲಸವನ್ನು ಆ ಕ್ಷಣ ಮಾಡಿತು. "ಬುದ್ಧೀ, ಹತ್ತುವಾಗ ಇವು ಪ್ರಾಣಿ ಅಲ್ಲ, ಸಾಮಾನು. ಬೇಕಾದ್ರೆ ಗೂಡು ನೋಡಿ. ದಾರೀಲಿ ಹುಟ್ಟಿದ್ವು. ಗಾಡೀಲಿ ಹುಟ್ಟಿದ ಮಗೀಗೆ ಟಿಕೆಟ್ ಕೇಳಾದುಂಟಾ?"

ಕಲೆಕ್ಟರು ತಬ್ಬಿಬ್ಬಾದರು. ಕುಳಿತುಕೊಂಡರು. ಎದ್ದರು. ಮೇಲಿನ ಬರ್ತನ್ನು ನೋಡಿದರು, ನೋಡಿ ಕೆಂಪಾದರು. "ಆದರೆ ಇವು... ಛೀ ಛೀ, ಹೆಂಗಸರು ಪ್ರಯಾಣ ಮಾಡುವ ಡಬ್ಬಿ ಇದು!"

ಪೀರ್ ಸಾಬ್ ದಿಂಬಿಗೆ ಒರಗಿಕೊಂಡೇ ಹೇಳಿದರು, "ಮದುವೆ ಆಗೈತೆ ಸ್ವಾಮಿ, ಅಂಜಬೇಡಿ. ತಂಗ್ಯಮ್ಮನೋರೇ ಮುಂದೆ ನಿಂತು ಮಾಡಿಸಿದ್ದು."

ಕಲೆಕ್ಟರು ಟೋಪಿ ಕೊಡವಿ, ಮೇಲಧಿಕಾರಿಗಳನ್ನು ಕೇಳಿ ಬರುತ್ತೇನೆಂದು ಹೋದವರು ಮತ್ತೆ ಆ ಕಡೆ ತಲೆ ಹಾಕಲಿಲ್ಲ.

ಬೀರೂರು ಬಿಟ್ಟು ಸ್ವಲ್ಪ ದೂರ ಹೋಗಿ, ಒಂದು ಬೇವಿನ ಮರ ಮತ್ತು ಒಂದು ಗಂಟೆ ಬಿಟ್ಟರೆ ಬೇರೇನೂ ಇಲ್ಲದ ಸ್ಟೇಷನ್ನಿನಲ್ಲಿ ಗಾಡಿ ನಿಂತಿತು. ಇಂಜಿನ್ನಿಗೆ ಏನೋ ಆಗಿತ್ತು. ಏನು ಎಂದು ಗಾರ್ಡಿಗೂ ಗೊತ್ತಿಲ್ಲ. ಬೇರೆ ಇಂಜಿನ್ ಬರಬೇಕಂತೆ. ಯಾವಾಗ? ಬಂದಾಗ. ಸೆಕೆಂಡ್ ಕ್ಲಾಸಿನ ಮೆತ್ತೆ ಬಿಸಿಲಿಗೆ ದೋಸೆ ಕಾವಲಿಯಾಯಿತು. ಥರ್ಡ್ ಕ್ಲಾಸಿನವರು ಇಳಿದು ಬೇವಿನ ನೆರಳಿನಲ್ಲಿ ಬುತ್ತಿ ಬಿಚ್ಚಿ, ಆಮೇಲೆ ಕಾಲು ಚಾಚಿ ಮಲಗಿಯೇಬಿಟ್ಟರು. ಅವರನ್ನು ಕಿಟಕಿಯಿಂದ ನೋಡುತ್ತ ಬೋರಲಿಂಗಯ್ಯನಿಗೆ ಅಳು ಬಂತು.

ಆದರೆ ಗಂಗಲಕ್ಷ್ಮಮ್ಮ ಆ ಇಂಜಿನ್ನಿಗೆ ಮನಸ್ಸಿನಲ್ಲೇ ಕಾಯಿ ಒಡೆದಳು. "ಇವತ್ತೆಲ್ಲಾ ನಿಲ್ಲಲಿ. ಜೋಡಿದಾರ್ರಿಗೆ ಬೇಕಾಗಿರಾದು ಗೂಡಾ, ಮೊಟ್ಟೆಯಾ?"

"ಮೊಟ್ಟೆ."

"ಮತ್ತೆ? ಇಲ್ಲೇ ಇಡಿಸ್ಕಂಡ್ ಹೋಗಾವ."

ಹೊತ್ತು ನೆತ್ತಿಗೆ ಬಂದ ಮೇಲೆ ಸೆರಗು ಸಿಕ್ಕಿಸಿ, ಜೋಡಿಗಳನ್ನು ಒಂದೊಂದಾಗಿ ಮೆಲ್ಲಗೆ ತಿರುಚಿ ಬಿಡಿಸತೊಡಗಿದಳು. ಗಂಡುಗಳನ್ನು ಬುಟ್ಟಿಯ ಮೂಲೆಗೆ ತಳ್ಳಿದಳು, ಅವುಗಳ ಕೆಲಸ ಮುಗಿದಿತ್ತು. ಹೊಟ್ಟೆ ತುಂಬಿದ ಹೆಣ್ಣುಗಳನ್ನು ಎತ್ತಿ ಬಟ್ಟೆಯ ಮೇಲೆ ಸಾಲಾಗಿ ಕೂರಿಸಿದಳು.

ಬಟ್ಟೆ ಅಂದರೆ ಕೋಟು!

"ಲೇ ಲೇ ಲೇ! ನನ್ ಕೋಟು!"

"ಹರಡಾಕೆ ಇನ್ನೇನೈತೆ? ನನ್ ಸೀರೆ ಬಿಚ್ಚಿಕೊಡ್ಲಾ?"

"ಸಾಬ್ರ ಜಮಖಾನ..."

ಪೀರ್ ಸಾಬ್ ಜಮಖಾನವನ್ನು ಎರಡೂ ಕೈಯಲ್ಲಿ ಅವುಚಿಕೊಂಡರು. "ಇದು ನಮ್ ಬೇಗಂ ತವರಿಂದ ಬಂದಿದ್ದು. ಇದರ ಮೇಲೆ ಒಂದು ಚುಕ್ಕೆ ಬಿದ್ರೆ ನನ್ನೇ ಭಟ್ಟಿಗೆ ಹಾಕಿ ನೂಲು ತೆಗೀತಾಳೆ!"

"ಗಂಗೂ, ಆ ಕೋಟು ಇಲ್ದೆ ನಾನು ಜೋಡಿದಾರ್ರ ಮುಂದೆ ಹೆಂಗೆ ನಿಂತ್ಕಳಾದು? ಒಳಗೆ ಅಂಗೀನೂ ಇಲ್ಲ ಕಣೇ!"

"ಕೋಟು ಹಾಕ್ಕಂಡು ಹೋಗಿ, ಮೊಟ್ಟೆ ಇಲ್ಲ ಅನ್ನಿ. ಇಲ್ಲ ಮೊಟ್ಟೆ ತಗಂಡೋಗಿ, ಕೋಟು ಇಲ್ಲ ಅನ್ನಿ. ಯಾವ್ದು ಬೇಕು ಬೇಗ ಹೇಳಿ, ಇವು ಕಾಯಂಗಿಲ್ಲ."

ಬೋರಲಿಂಗಯ್ಯ ಕೋಟಿನ ಕಡೆ ನೋಡಿದ. ಕತ್ತುಪಟ್ಟಿಯ ಮೇಲೆ ಒಂದು ದಪ್ಪ ಹೆಣ್ಣು ಚಿಟ್ಟೆ ಆಗಲೇ ಹಿಂಭಾಗ ತಗ್ಗಿಸಿ, ಅತ್ತಿತ್ತ ಹೊರಳಿಸಿ, ಒಂದು ಮೊಟ್ಟೆ ಇಟ್ಟಿತು. ಪಕ್ಕದಲ್ಲಿ ಇನ್ನೊಂದು. ಗಸಗಸೆಯಷ್ಟು, ತಿಳಿಹಳದಿ, ಕರಿ ಬಟ್ಟೆಯ ಮೇಲೆ ಮುತ್ತಿನಂತೆ.

"...ತೋಳಿನ ಮ್ಯಾಲೂ ಜಾಗ ಐತೆ," ಅಂದ ಮೆಲ್ಲಗೆ. "ಅಲ್ಲೂ ಕೂರ್ಸು." ಆಮೇಲೆ ರುಮಾಲನ್ನೂ ತಾನೇ ಹರಡಿಕೊಟ್ಟ.

ಬೇರೆ ಇಂಜಿನ್ ಬಂದು, ಎಳೆದು, ಹರಿಹರ ತಲುಪುವಾಗ ಸಂಜೆ. ಬ್ರೇಕ್ ವ್ಯಾನಿನ ಗಂಟು ಕೈಗೆ ಬರುವ ಮೊದಲೇ ಜೋಡಿದಾರರು ಪ್ಲಾಟ್‌ಫಾರಮ್ಮಿನಲ್ಲಿ ಪ್ರತ್ಯಕ್ಷ! ಮುಂದೆ ಪಾರುಪತ್ತೆಗಾರ, ಅವನ ಕೈಯಲ್ಲಿ ಬೆಳಗ್ಗೆಯಿಂದ ಕಾದು ಬಾಡಿದ ಸೇವಂತಿಗೆ ಹಾರ. ನೇರ ಸೆಕೆಂಡ್ ಕ್ಲಾಸಿಗೇ ಬಂದ. ಮೊದಲು ಇಣುಕಿದವರು ಪೀರ್ ಸಾಬ್, ಹಾರ ಮೇಲೆದ್ದಿತು.

"ನಾನಲ್ಲ ಸ್ವಾಮಿ," ಅಂದರು ಸಾಬರು. "ನಾನು ಕುದಿಸೋನು. ಕಾಯೋನು ಅಗೋ, ಅಲ್ಲಿ," ಎಂದು ಬೆರಳು ತೋರಿದರು.

ಬೆರಳು ತೋರಿದ ಕಡೆ ಒಬ್ಬ ಮನುಷ್ಯ ಇಳಿಯುತ್ತಿದ್ದ. ಬರಿ ಮೈ. ಹಣೆಯಲ್ಲಿ ಕಂದು ಕಲೆ, ಬೆನ್ನಿಗೆ ರೈಲಿನ ನೆಲದ ಮಸಿ. ಕೋಟು, ರುಮಾಲು ಹರಡಿದ ಬುಟ್ಟಿಯನ್ನು ಸಿಂಬಿಯೂ ಇಲ್ಲದೆ ತಲೆಯ ಮೇಲೆ ಹೊತ್ತಿದ್ದ. ಕಣ್ಣು ನಿದ್ದೆಗೆಟ್ಟು ಕೆಂಡವಾಗಿದ್ದವು.

ಪಾರುಪತ್ತೆಗಾರನ ಮುಖ ಅರಳಿತು. "ಸಾಬರು ಒಳ್ಳೆ ತಮಾಷೆ ಮಾಡ್ತಾರೆ! ಇವನು ನನಗೆ ಗೊತ್ತಿಲ್ಲವೇ? ಹೋದ ವರ್ಷವೂ ಇವನೇ ಹೊತ್ತು ತಂದದ್ದು. ನಂಬಿಕಸ್ಥ ಕೂಲಿ. ಇಳಿಸೋ, ಇಳಿಸು, ಬುದ್ಧಿಯವರು ನೋಡಬೇಕು!"

ಬೋರಲಿಂಗಯ್ಯ ಬುಟ್ಟಿ ಇಳಿಸಿದ. ಜೋಡಿದಾರರು ಕನ್ನಡಕ ಸರಿಮಾಡಿಕೊಂಡು ಬಾಗಿದರು. ಕೋಟಿನ ಎದೆಯ ಮೇಲೆ, ಬೆನ್ನ ಮೇಲೆ, ತೋಳುಗಳ ಉದ್ದಕ್ಕೂ ಮೊಟ್ಟೆ. ಜರಿಯ ಅಂಚನ್ನೂ ಬಿಡದೆ ರುಮಾಲಿನ ತುಂಬ ಮೊಟ್ಟೆ. ಇನ್ನೂ ಇಡುತ್ತಲೇ ಇದ್ದವು.

"ಭೇಷ್!" ಎಂದರು ಜೋಡಿದಾರರು. "ಬರಿ ಗೂಡು ಬಂದೀತು ಎಂದುಕೊಂಡಿದ್ದರೆ, ಮೊಟ್ಟೆಯನ್ನೇ ಇಡಿಸಿ ಕಳಿಸಿದ್ದಾರೆ! ಅದೂ ಕರಿ ಬಟ್ಟೆಯ ಮೇಲೆ, ಕಣ್ಣಿಗೆ ಕಾಣುವ ಹಾಗೆ! ಹಳೇ ಚಿಂದಿಯಲ್ಲ, ಹೊಚ್ಚ ಹೊಸ ಕೋಟು! ಕಸುಬಿನ ಮೇಲೆ ಎಂಥ ಭಕ್ತಿ ನೋಡಯ್ಯ! ಕುಣಿಗಲ್ಲಿನವನು ಸರಪಳಿ ತೋರಿಸಿದ, ಈತ ಬೀಜ ತೋರಿಸಿದ. ಇನ್ನು ನಮ್ಮ ಅಷ್ಟೂ ಹಳ್ಳಿಗೂ ಇವರದೇ ಬೀಜ. ಊರಿಗೊಂದರಂತೆ ಹೀಗೇ ಕೋಟಿನ ಮೇಲೇ ಕಳಿಸಲಿ. ಎಲ್ಲಯ್ಯ ಆ ಸಾಹುಕಾರರು? ಹಾರ ಹಾಕು, ನಾನು ಕಣ್ಣಾರೆ ನೋಡಬೇಕು!"

ಪಾರುಪತ್ತೆಗಾರ ಹಾರ ಹಿಡಿದು ಅತ್ತಿತ್ತ ಹುಡುಕಿ, ಕೊನೆಗೆ ಬೋರಲಿಂಗಯ್ಯನ ಕಡೆ ತಿರುಗಿದ. "ಏನೋ, ನಿಮ್ಮ ಸಾಹುಕಾರ್ರು ಎಲ್ಲೋ?"

ಬೋರಲಿಂಗಯ್ಯ ಒಂದು ವರ್ಷದಿಂದ ಕಾದಿದ್ದ ಗಳಿಗೆ! ಬರಿ ಎದೆ ಉಬ್ಬಿಸಿ, ಗಂಟಲು ಸರಿಮಾಡಿಕೊಂಡ. ಆದರೆ ಗಂಗಲಕ್ಷ್ಮಮ್ಮ ಮೆತ್ತೆಯ ಮೇಲೆ ರಾತ್ರಿಯಿಡೀ ನಿದ್ದೆ ಮಾಡಿದ್ದವಳು. ಅವಳ ನಾಲಿಗೆ ಚುರುಕಾಗಿತ್ತು.

"ಬುಟ್ಟಿಯೊಳಗವ್ರೆ ಬುದ್ಧೀ," ಅಂದಳು. "ಸಾಹುಕಾರ್ರ ಕೋಟು ಬುಟ್ಟೀಲೈತೆ, ಸಾಹುಕಾರ್ರ ರುಮಾಲು ಬುಟ್ಟೀಲೈತೆ, ಸೆಕೆಂಡ್ ಕ್ಲಾಸ್ನಾಗೆ ಮನೀಕಂಡು ಬಂದೋರೂ ಬುಟ್ಟೀಲೇ ಅವ್ರೆ. ಈವಯ್ಯ ಬರೀ ಹೊತ್ಕಂಡು ಬಂದೋನು."

ಜೋಡಿದಾರರು ಒಂದು ಕ್ಷಣ ಕೋಟು ನೋಡಿದರು, ಬೋರಲಿಂಗಯ್ಯನ ಹೊಟ್ಟೆ ನೋಡಿದರು, ಎರಡನ್ನೂ ಕಣ್ಣಿನಲ್ಲೇ ಅಳತೆ ಹಾಕಿದರು. ಆಮೇಲೆ ಪ್ಲಾಟ್‌ಫಾರಮ್ಮು ಅದುರುವಂತೆ ನಕ್ಕುಬಿಟ್ಟರು. ಪಾರುಪತ್ತೆಗಾರನಿಗೆ ಮಾತ್ರ ಏನೂ ಹೊಳೆಯಲಿಲ್ಲ. ಒಡೆಯರು ನಕ್ಕಮೇಲೆ ಅಪ್ಪಣೆಯಾಯಿತೆಂದು ತಿಳಿದು, ಹಾರವನ್ನು ಭಕ್ತಿಯಿಂದ ಬುಟ್ಟಿಯ ಮೇಲೆ ಇಟ್ಟು ಕೈ ಮುಗಿದ. ಬುಟ್ಟಿಯನ್ನು ಎತ್ತಿ ಬೋರಲಿಂಗಯ್ಯನ ತಲೆಯ ಮೇಲೆ ಇಟ್ಟ.

"ನಿಧಾನವಾಗಿ ನಡಿಯೋ," ಎಂದ. "ಸಾಹುಕಾರ್ರಿಗೆ ಎಚ್ಚರವಾದೀತು!"